ಆಯಿ ಹಿಡಿಯದ ಹೆಸರು

ನಮ್ಮ ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೆಸರೇ ಇರಲಿಲ್ಲವೆಂದಲ್ಲ. ಬೀರಪ್ಪ ಎಂಬ ಗಟ್ಟಿಮುಟ್ಟಾದ ಹೆಸರನ್ನು ತೊಟ್ಟಿಲಲ್ಲೇ ಇಟ್ಟು, ಓಣಿಗೆಲ್ಲ ಗುಗ್ಗರಿ ಹಂಚಿದ್ದರಂತೆ. ಆದರೆ ಅದು ನಾನು ಹುಟ್ಟುವ ಮುಂಚಿನ ಬೇಸಿಗೆಯಲ್ಲಿ ತೀರಿಹೋದ ಮುತ್ಯಾನ ಹೆಸರು, ಅಂದರೆ ಅಪ್ಪನ ಅಪ್ಪನ ಹೆಸರು. ಗಂಡನ ಹೆಸರನ್ನು ಹೆಂಡತಿ ಹಿಡಿಯಬಾರದು, ಮಾವನ ಹೆಸರನ್ನು ಸೊಸೆ ಹಿಡಿಯಬಾರದು. ಹೀಗಾಗಿ ನಾನು ಮುತ್ಯಾನ ಹೆಂಡತಿ ಆಯಿಗೂ ಬೀರಪ್ಪನಲ್ಲ, ಅವ್ವನಿಗೂ ಬೀರಪ್ಪನಲ್ಲ. ಅವ್ವ 'ತಮ್ಮಾ' ಎಂದು ಹೇಗೋ ಸುಧಾರಿಸುತ್ತಿದ್ದಳು. ಆಯಿ ಮಾತ್ರ 'ಏ ಇವನ' ಅನ್ನುತ್ತಿದ್ದಳು. ಹೊರಗಿನವರ ಮುಂದೆ ಹೇಳಬೇಕಾದರೆ 'ನಮ್ಮಾಂವ'. ಅಪ್ಪನಿಗೆ ಅಡ್ಡಿಯೇನಿರಲಿಲ್ಲ, ಆದರೆ ಅವನ ಪಜೀತಿ ಬೇರೆ. ಸಿಟ್ಟು ಬಂದಾಗ ಹೆತ್ತಪ್ಪನ ಹೆಸರಿಗೆ 'ಲೇ' ಹಚ್ಚಲು ನಾಲಿಗೆ ಏಳದೆ, 'ಏನಪಾ, ಹಿಂಗ ಮಾಡಿದ್ರ ಹೆಂಗಪಾ' ಎಂದು ಬೀಗರೊಡನೆ ಮಾತಾಡಿದಂತೆ ಬೈಯುತ್ತಿದ್ದ. ಅಂಥ ಬೈಗುಳಕ್ಕೆ ಯಾವ ಹುಡುಗ ಹೆದರುತ್ತಾನೆ?

ಹೊರಗೆ ನೋಡಿದರೆ ಆ ಹೆಸರು ಬೀದಿಗೊಂದು ಬಿದ್ದಿತ್ತು. ನಾವು ಹಾಲುಮತದವರು. ಬೀಳಗಿ ಸೀಮೆಯ ಕೃಷ್ಣಾ ದಂಡೆಯಲ್ಲಿ, ಗಲಗಲಿಯ ಕಡೆಗೆ ಇದ್ದ ನಮ್ಮ ಊರಿನ ತುಂಬ ನಮ್ಮವರೇ. ಕುರಿ, ಕಂಬಳಿ, ಒಂದಿಷ್ಟು ಕರಿ ಹೊಲ ಮತ್ತು ಬೀರಪ್ಪ ದೇವರು. ಪ್ರತಿ ಮನೆಯಲ್ಲೂ ಒಬ್ಬ ಬೀರಪ್ಪ ಇರಲೇಬೇಕು. ಸಾಲೆಯಲ್ಲಿ ಕರಿಬೀರ, ದೊಡ್ಡಬೀರ, ಗುಡಿಬೀರ ಎಂದೆಲ್ಲ ಇದ್ದರು. ನಮ್ಮ ಹಿತ್ತಲು ಹೊಳೆಗೆ ಮುಖ ಮಾಡಿದ್ದರಿಂದ ನಾನು ಹೊಳಿಬೀರ. ಗುಡಿಯ ಮುಂದೆ ನಿಂತು 'ಬೀರಪ್ಪಾ' ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು, ಉಳಿದರ್ಧ ಊರಿನ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಗೆಳೆಯರು ಓಣಿಯಲ್ಲಿ ನಿಂತು ನನ್ನನ್ನು ಆಟಕ್ಕೆ ಕರೆದಾಗ ಒಳಗಿದ್ದ ಆಯಿ ಗಡಬಡಿಸಿ ಸೆರಗು ಸರಿಮಾಡಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಮೇಲೆ ಬಾಗಿಲಿಗೆ ಬಂದು ಅವರಿಗೆ ಜೋರು ಮಾಡುತ್ತಿದ್ದಳು.

“ಹೆಸರ ಯಾಕ ಒದರ್ತೀರ್ಲೇ? ಒಳಗ ಬಂದ ಕೈ ಹಿಡದ ಕರಕೊಂಡ ಹೋಗ್ರಿ.”

ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಬಲಕ್ಕೆ ಮರಿ ಹಾಕಿದ ಕುರಿಗಳು. ಒಂದು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಬೆಳಕಿಂಡಿಯ ಕೆಳಗೆ ಅಡಿಗೆಮನೆ. ಮಧ್ಯಾಹ್ನ ಆ ಬೆಳಕಿಂಡಿಯಿಂದ ಇಳಿದ ಬಿಸಿಲು ನೇರ ರೊಟ್ಟಿ ಬುಟ್ಟಿಯ ಮೇಲೆ ಬೀಳುತ್ತಿತ್ತು, ಬಡಿದ ಹಿಟ್ಟಿನ ಧೂಳು ಅದರಲ್ಲಿ ತೇಲುತ್ತಿತ್ತು. ಅಡಿಗೆಮನೆಯಿಂದ ಹಿತ್ತಲ ಬಾಗಿಲು. ಆ ಬಾಗಿಲ ಹೊಸ್ತಿಲೇ ಆಯಿಯ ಸ್ಥಳ. ಚೌಕಟ್ಟಿಗೆ ಬೆನ್ನು ಕೊಟ್ಟು, ಬನಹಟ್ಟಿ ನೂಲಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಣ್ಣೆ ನೂಲುತ್ತ ಕೂತಿರುತ್ತಿದ್ದಳು. ಕಣ್ಣು ಮಾತ್ರ ಹೊಳೆಯ ಕಡೆ. ಅಲ್ಲಿಂದ ನೋಡಿದರೆ ಇಳಿಜಾರಿನಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಹೊಲ, ಹೊಲದ ತುದಿಯಲ್ಲಿ ಮುತ್ಯಾನನ್ನು ಮಣ್ಣು ಮಾಡಿದ ಜಾಗ, ಆಮೇಲೆ ನೀರು. ಮುತ್ಯಾನ ಕರಿ ಕಂಬಳಿ ಪಡಸಾಲೆಯ ಗೂಟಕ್ಕೆ ಹಾಗೇ ಇತ್ತು. ಅಮಾವಾಸ್ಯೆಗೊಮ್ಮೆ ಅದನ್ನು ಝಾಡಿಸಿ ಬಿಸಿಲಿಗೆ ಹಾಕಿ ಮತ್ತೆ ಅದೇ ಗೂಟಕ್ಕೆ ತೂಗುಹಾಕುವಳು. ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಚಳಿಗಾಲದಲ್ಲೂ.

ಮುತ್ಯಾನ ಹೆಸರು ಹೊತ್ತಿದ್ದರಿಂದ ಲಾಭಗಳೂ ಇದ್ದವು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನದೇ. ಪುಂಡಿಪಲ್ಯದ ಮೇಲೆ ಸುರಿಯುವ ಶೇಂಗಾ ಎಣ್ಣೆಯಲ್ಲಿ ಅಪ್ಪನಿಗೆ ಎರಡನೆಯ ಪಾಲು. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ನನ್ನ ಮೈಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಒಮ್ಮೆ ಕಟ್ಟೆಯ ಮೇಲಿನ ಹಾಲಿನ ಗಡಿಗೆಯನ್ನು ಕೈ ತಾಗಿಸಿ ಉರುಳಿಸಿಬಿಟ್ಟೆ. ಹೆಪ್ಪು ಹಾಕಲು ಕಾಯಿಸಿ ಇಟ್ಟ ಹಾಲು ಒಲೆಯ ಬೂದಿಯಲ್ಲಿ ಸೇರಿಹೋಯಿತು. ಅವ್ವ ಕೈ ಎತ್ತಿದಳು. ಆಯಿ ಹಿತ್ತಲಿನಿಂದ ಓಡಿಬಂದು ನಡುವೆ ನಿಂತಳು.

“ಕೈ ಇಳಸ. ಯಾರ ಮ್ಯಾಲ ಕೈ ಎತ್ತಾಕತ್ತಿ ಗೊತ್ತೈತಿಲ್ಲೊ? ನಿಮ್ಮ ಮಾವನ ಮ್ಯಾಲ.”

“ನಮ್ಮ ಮಾವ ಹಾಲಿನ ಗಡಗಿ ಉರುಳಸ್ತಿದ್ದಿಲ್ರಿ ಅತ್ತಿ.”

“ಉರುಳಸ್ತಿದ್ದ! ನಿನಗೇನ ಗೊತ್ತು? ಇದ ಅಡಗಿಮನ್ಯಾಗ, ಇದ ಕಟ್ಟಿಮ್ಯಾಲಿಂದ ಉರುಳಿಸಿದ್ದ. ನಾನ ನೋಡೇನಿ.”

ಅವ್ವ ಎತ್ತಿದ ಕೈಯಿಂದಲೇ ಹಣೆ ಬಡಿದುಕೊಂಡು ಬೂದಿ ಬಳಿಯಲು ಕೂತಳು. ದೊಡ್ಡ ಗಂಡಸು ಹಾಲಿನ ಗಡಿಗೆ ಯಾಕೆ ಉರುಳಿಸುತ್ತಾನೆ, ಅದನ್ನು ಆಯಿ ಯಾವಾಗ ನೋಡಿದಳು ಎಂದು ನಾನು ಆಗ ಕೇಳಲಿಲ್ಲ. ಬಡಿತ ತಪ್ಪಿದ ಖುಷಿಯಲ್ಲಿ ಓಡಿಹೋದೆ.

ಆದರೂ ಖರೆ ಹೇಳುತ್ತೇನೆ, ಆ ಮೊದಲ ರೊಟ್ಟಿಗಿಂತ, ಎಣ್ಣೆಗಿಂತ ನನಗೆ ಬೇಕಾಗಿದ್ದದ್ದು ಆಯಿಯ ಬಾಯಲ್ಲಿ ನನ್ನ ಹೆಸರು. ಓಣಿಯ ಉಳಿದ ಮುದುಕಿಯರು ಸಂಜೆಯಾದರೆ ತಮ್ಮ ತಮ್ಮ ಮೊಮ್ಮಕ್ಕಳನ್ನು ಎಳೆದೆಳೆದು ಕೂಗುತ್ತಿದ್ದರು. ಸಿದ್ದಪ್ಪಾ, ಯಲ್ಲಪ್ಪಾ, ಹಣಮ್ಯಾ ಎಂದು ಕೂಗು ಒಂದರ ಹಿಂದೆ ಒಂದು ಎದ್ದು, ಆಟ ಮುರಿದು, ಹುಡುಗರು ಒಬ್ಬೊಬ್ಬರೇ 'ಓ' ಎನ್ನುತ್ತ ಮನೆಗೆ ಓಡುವರು. ಕೊನೆಗೆ ಧೂಳಿನಲ್ಲಿ ನಾನೊಬ್ಬನೇ ನಿಂತಿರುತ್ತಿದ್ದೆ. ಆಯಿ ಬಾಗಿಲಿಗೆ ಬಂದು ಕೈ ಬೀಸುವಳು, ಅಷ್ಟೆ. ಅವಳಿಗೆ ನನ್ನ ಮೇಲೆ ಪ್ರೀತಿ ಕಡಿಮೆಯೇನೋ ಅನಿಸಿ, ಕೈ ಬೀಸಿದರೂ ಕಾಣದವನಂತೆ ನಿಂತುಬಿಡುತ್ತಿದ್ದೆ. ಆಗ ಅವಳೇ ಬಂದು ರೆಟ್ಟೆ ಹಿಡಿದು ಒಯ್ಯಬೇಕು.

ದೇವರಿಗೂ ಇದೇ ಗತಿ. ಗುಡಿಯಲ್ಲಿ ಡೊಳ್ಳು ಏರಿ, ಭಂಡಾರ ಹಾರಿ, ಮಂದಿಯೆಲ್ಲ ಹಳದಿಯಾಗಿ ದೇವರ ಹೆಸರು ಕೂಗುವಾಗ ಆಯಿಯ ದನಿ ಇರುತ್ತಿರಲಿಲ್ಲ. ದೇವರ ಹೆಸರೂ ಗಂಡನ ಹೆಸರೂ ಒಂದೇ ಆದರೆ ಆಕೆ ಏನು ಮಾಡಬೇಕು? 'ಕಂಬಳಿಯಾಂವ' ಎಂದು ಕೈ ಮುಗಿಯುತ್ತಿದ್ದಳು. ಆದರೆ ಅವಳ ಮಡಿಲಲ್ಲಿ ಕೂತು ತಲೆ ಎತ್ತಿ ನೋಡಿದವನಿಗೆ ಗೊತ್ತು: ಎಲ್ಲರೂ ಕೂಗುವ ಹೊತ್ತಿಗೆ ಅವಳ ತುಟಿಯೂ ಆಡುತ್ತಿತ್ತು. ಕೂಡಿದ ತುಟಿ ಅಗಲವಾಗಿ, ಕೊನೆಗೆ ಬಾಯಿ ಚೂರು ತೆರೆದು, ಉಸಿರಷ್ಟೇ ಹೊರಗೆ ಬರುತ್ತಿತ್ತು. ಆ ಉಸಿರಿನ ಹಿಂದೆ ದನಿ ಬಂದೀತೆಂದು ನಾನು ಕಾಯುತ್ತಿದ್ದೆ.

ಜಮಖಂಡಿಯಿಂದ ಬಸ್ಸಿಗೆ ಬರುತ್ತಿದ್ದ ಮಾಸ್ತರರು ಒಂದು ದಿನ ಎಲ್ಲರ ಹೆಸರಿನ ಅರ್ಥ ಹೇಳಿದರು. ಬೀರ ಎಂದರೆ ವೀರ. ವೀರ ಅನ್ನುವುದೇ ಹಳೆಯ ಕನ್ನಡದಲ್ಲಿ ಬೀರ ಆಗಿದೆ, ಬೀರಪ್ಪ ಎಂದರೆ ಶೂರ, ಪರಾಕ್ರಮಿ ಎಂದರು. ಆ ಹೊತ್ತಿಗೆ ಶೂರರಲ್ಲಿ ಒಬ್ಬ ಗೋಡೆಗೆ ಮೂಗು ಒರೆಸುತ್ತಿದ್ದ, ಇನ್ನೊಬ್ಬ ಉಚ್ಚೆಗೆ ಬಿಡಿರೆಂದು ಅಳುತ್ತಿದ್ದ. ನಮ್ಮ ಗುಡಿಯ ಪೂಜೆ ಮಾಡುತ್ತಿದ್ದ ಮಾಳಪ್ಪ ಕಾಕಾ ಮುತ್ಯಾನ ದಾಯಾದಿ ತಮ್ಮ, ಅಪ್ಪನಂತೆ ನಾವೂ ಅವನನ್ನು ಕಾಕಾ ಎನ್ನುತ್ತಿದ್ದೆವು. ಶಾಸ್ತ್ರದ ವಿಷಯದಲ್ಲಿ ಅವನ ಮಾತಿಗೆ ಊರಲ್ಲಿ ಎದುರಿಲ್ಲ. ಅವನನ್ನು ಕೇಳಿದರೆ ಬೇರೆಯೇ ಹೇಳಿದ. ಬೀರಪ್ಪ ಅಡವಿಯಲ್ಲಿ ಬಿಟ್ಟುಹೋದ ಕೂಸು, ಅಕ್ಕ ಮಾಯವ್ವ ಎತ್ತಿಕೊಂಡು ಸಾಕಿದ ಕೂಸು. ಎತ್ತಿ ಸಾಕಿದವರು ಇದ್ದುದಕ್ಕೇ ಅವನು ದೇವರಾದ ಎಂದ. ಎರಡರಲ್ಲಿ ಯಾವುದು ಖರೆ ಎಂದು ಆಯಿಯನ್ನು ಕೇಳಲು ಹೋದೆ. ಅವಳು ಉಣ್ಣೆಯಲ್ಲಿ ಸಿಕ್ಕ ಮುಳ್ಳು ಬಿಡಿಸುತ್ತ ಹೊಸ್ತಿಲ ಮೇಲೆ ಕೂತಿದ್ದಳು.

“ನನಗೇನ ಕೇಳ್ತಿ? ನಾ ಅದನ್ನ ಹಿಡಿಯಾಂಗಿಲ್ಲ.”

“ಒಮ್ಮಿನೂ ಹಿಡದಿಲ್ಲೇನ ಆಯಿ? ಒಮ್ಮಿನೂ?”

ಮುಳ್ಳು ಬಿಡಿಸುವ ಕೈ ನಿಂತಿತು. ಒಳಗೆ ಅವ್ವ ಇದ್ದಾಳೆಯೇ ಎಂದು ಹಣಿಕಿ ನೋಡಿದಳು. ಆಮೇಲೆ ಸಣ್ಣ ಹುಡುಗಿಯ ಹಾಗೆ ನಕ್ಕಳು. ಮುಂದಿನ ಹಲ್ಲು ಬಿದ್ದ ಬಾಯಿಂದ ಬಂದ ಆ ನಗೆಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

“ಹಿಡದಿಲ್ಲೇನ ಅಂತಿ? ದಿನಾ ಹಿಡೀತಿದ್ನಿ. ಇಡೀ ದಂಡಿಗೆ ಕೇಳೂವಂಗ ಒದರ್ತಿದ್ನಿ.”

ಆಯಿ ಈ ಮನೆಗೆ ಸೊಸೆಯಾಗಿ ಬಂದವಳಲ್ಲವಂತೆ. ಅವಳ ಅವ್ವ ಈ ಮನೆಯ ಮಗಳು. ಆಯಿ ಇನ್ನೂ ಮೊಲೆ ಬಿಡದ ಕೂಸಾಗಿದ್ದಾಗಲೇ ಅವ್ವ ತೀರಿಕೊಂಡು, ಸೋದರಮಾವ ಅವಳನ್ನು ಕಂಬಳಿಯಲ್ಲಿ ಸುತ್ತಿ ಇಲ್ಲಿಗೆ ತಂದ. ಅವನ ಮಗನೇ ಮುತ್ಯಾ. ಇಬ್ಬರೂ ಇದೇ ಪಡಸಾಲೆಯಲ್ಲಿ ಅಂಬೆಗಾಲಿಟ್ಟವರು, ಒಂದೇ ಗಂಗಾಳದಲ್ಲಿ ನುಚ್ಚು-ಮಜ್ಜಿಗೆ ಉಂಡವರು, ಹಾಲಿನ ಗಡಿಗೆ ಉರುಳಿಸಿ ಒಬ್ಬರ ಮೇಲೊಬ್ಬರು ಹೇಳಿದವರು. ಸ್ವಲ್ಪ ದೊಡ್ಡವನಾದ ಮೇಲೆ ಅವನು ಕುರಿ ಕಾಯಲು ಹೊಳೆಯ ಕಡೆ ಇಳಿಯುವನು. ಇವಳು ರೊಟ್ಟಿ ಬಡಿಯಲು ಕಲಿತವಳು ಹಿತ್ತಲ ಹೊಸ್ತಿಲ ಮೇಲೆ ನಿಂತು ಕರೆಯುವಳು. ಅವನು ಹುಣಸೆಮರದ ಆಚೆಯಿಂದ 'ಓ' ಎಂದು ಓಡಿಬರುವನು.

“ಕರದ ಕೂಡ್ಲೇ ಬರ್ತಿದ್ದಿಲ್ಲ ಹಲಕಟ್ಟ. ಕೇಳಿದ್ರೂ ಕೇಳದಂಗ ಕುಂದರಾಂವ. ನನ್ನ ಗಂಟ್ಲ ಹರೀಬೇಕು, ಆಮ್ಯಾಲ ಓ ಅನ್ನಾಂವ. ಆಮ್ಯಾಲ ಒಂದ ದಿನ ನಮಗಿಬ್ಬರಿಗೂ ಅರಿಷಿಣ ಹಚ್ಚಿದ್ರು. ಅವತ್ತಿಂದ ನನ್ನ ಬಾಯಾಗಿನ ಹೆಸರ ಕಸಗೊಂಡ್ರು ನೋಡು.”

ಬೇರೆ ಹೆಣ್ಣುಮಕ್ಕಳಿಗೆ ಗಂಡನ ಹೆಸರು ಹಿಡಿಯದೇ ಇರುವುದು ಕಷ್ಟವಲ್ಲ. ಅವರು ಮೊದಲೂ ಹಿಡಿದವರಲ್ಲ. ಆಯಿಗೆ ಹಾಗಲ್ಲ. ನಿನ್ನೆಯವರೆಗೆ ಕೂಗುತ್ತಿದ್ದವಳು ಇಂದು ಅದೇ ಹೊಸ್ತಿಲ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು. ಮದುವೆಯ ಮನೆಗಳಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆಗ ಹೇಳಬಹುದಿತ್ತಲ್ಲ ಎಂದೆ.

“ಹೇಳೇನಿ. ತೆಲಿ ತೆಗ್ಗಿಸಿ ಒಡಪಿನಾಗ ಹೇಳೇನಿ. ಆದ್ರ ಅದು ಹೆಸರ ಹೇಳೂದು, ಕರಿಯೂದಲ್ಲ. ಹೇಳಿದ್ರ ಯಾರ ಓ ಅಂತಾರ?”

ಅಷ್ಟು ಹೇಳಿ ಮತ್ತೆ ಮುಳ್ಳು ಬಿಡಿಸತೊಡಗಿದಳು. ಹೆಸರಿನ ಅರ್ಥ ಕೇಳಲು ಹೋದವನು ಅದನ್ನು ಮರೆತೇಬಿಟ್ಟೆ. ಅವತ್ತಿನಿಂದ ನನಗೆ ಆಯಿಯ ಮೇಲಿದ್ದ ಹಟ ಹೋಯಿತು. ಹೋಗಿ, ಬೇರೊಂದು ಸಂಕಟ ಹತ್ತಿತು. ನನಗೆ ಬೇಕಾದ ಕರೆ ಅವಳಿಗೂ ಬೇಕಾಗಿತ್ತು.

ಆಲಮಟ್ಟಿಯ ಆಣೆಕಟ್ಟಿನ ಮಾತು ನಾನು ಹುಟ್ಟುವ ಮೊದಲಿನಿಂದಲೂ ಊರಿನಲ್ಲಿತ್ತು. ಬರುತ್ತದೆ ಬರುತ್ತದೆ ಎನ್ನುತ್ತಿದ್ದ ನೀರು ಒಂದು ವರ್ಷ ನಿಜವಾಗಿಯೂ ಬಂತು. ಮಳೆಗಾಲದಲ್ಲಿ ಏರಿದ ಹೊಳೆ ಇಳಿಯುವುದನ್ನೇ ಮರೆತು ಹೊಲಗಳಲ್ಲೇ ನಿಂತಿತು. ಮುಂದಿನ ಮಳೆಗೆ ಊರೇ ಮುಳುಗುತ್ತದೆಂದು, ಬೇಸಿಗೆಯಲ್ಲಿ ಮಂದಿ ಮಾಳಿಗೆಯ ತೊಲೆ, ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರತೊಡಗಿದರು. ದೂರದ ಮಡ್ಡಿಯ ಮೇಲೆ, ನೀರು ಏರದ ಕಲ್ಲುನೆಲದಲ್ಲಿ, ಹೊಸ ಊರಿಗೆಂದು ಜಾಗ ಹಾಕಿಕೊಟ್ಟಿದ್ದರು. ನಮ್ಮ ಮನೆಯ ತೊಲೆ ಇಳಿಸಿದ ದಿನ ಅಡಿಗೆಮನೆಯಲ್ಲಿ ಬೆಳಕಿಂಡಿಯೇ ಇಲ್ಲ, ಬರೀ ಆಕಾಶ. ಅವ್ವ ಆ ಬಿಸಿಲಲ್ಲೇ ಕೂತು ರೊಟ್ಟಿ ಬಡಿದಳು. ಆಯಿ ಅಂದು ನೂಲಲಿಲ್ಲ, ಯಾರನ್ನೂ ಬೈಯಲಿಲ್ಲ, ಎರಡು ತುತ್ತು ತಿಂದು ಗಂಗಾಳ ಸರಿಸಿದಳು.

ನಮ್ಮ ಊರಿನವರಲ್ಲಿ ಮನೆ ಬಿಡುವಾಗ ಒಂದು ಪದ್ಧತಿಯಿತ್ತು. ಜಗಲಿಯ ದೇವರನ್ನು ಬುಟ್ಟಿಯಲ್ಲಿಟ್ಟು ಒಯ್ಯಬಹುದು. ಸತ್ತ ಹಿರಿಯರನ್ನು ಹಾಗೆ ಒಯ್ಯಲಾಗದು, ಅವರನ್ನು ಕರೆಯಬೇಕು. ಎಲ್ಲ ಸಾಮಾನು ಹೊರಬಿದ್ದ ಮೇಲೆ ಖಾಲಿ ಮನೆಯಲ್ಲಿ ಒಂದು ದೀಪ ಹಚ್ಚಿ, ಕಂಬಳಿ ಹಾಸಿ, ಮನೆಯ ಹಿರಿತಲೆ ಹೊಸ್ತಿಲ ಮೇಲೆ ನಿಂತು ಸತ್ತವರ ಹೆಸರು ಹಿಡಿದು 'ಬಾ, ಹೋಗೂಣು' ಎನ್ನಬೇಕು. ಆಮೇಲೆ ಕಂಬಳಿ ಮಡಚಿ ಹೊತ್ತುಕೊಂಡು ಹೊರಡುವುದು. ಕರೆದವರು ಅದರಲ್ಲಿ ಬಂದಿರುತ್ತಾರೆ. ಆ ಕರೆಗೆ ಜೀವಂತ ಇದ್ದವರು ಯಾರೂ ಓಗೊಡಬಾರದು. ಓಗೊಟ್ಟರೆ ಸತ್ತವರು 'ಕರೆದದ್ದು ನನ್ನನ್ನಲ್ಲ' ಎಂದು ಅಲ್ಲೇ ಉಳಿದುಬಿಡುತ್ತಾರೆ. ಇಲ್ಲಿ ಉಳಿಯುವುದೆಂದರೆ ನೀರಲ್ಲಿ ಉಳಿಯುವುದು. ಓಣಿಯ ಒಂದೊಂದೇ ಮನೆಯಿಂದ ಆ ಕರೆ ಕೇಳುತ್ತಿತ್ತು, ಕೇಳಿದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. ನಮ್ಮ ಸರದಿ ಬಂದಾಗ ಆಯಿ ತಾನೇ ಕರೆಯುತ್ತೇನೆಂದಳು. ಪದ್ಧತಿ ಸರಿ ನಡೆಸಲು ಬಂದಿದ್ದ ಮಾಳಪ್ಪ ಕಾಕಾ ದಂಗಾದ.

“ನೀ ಹೆಂಗ ಕರೀತಿ ವೈನಿ? ಹೆಸರ ಹಿಡೀಬೇಕಾಕ್ಕೈತಿ. ಅಣ್ಣನ ಮಗ ಅದಾನ, ಅಂವ ಕರೀಲಿ.”

“ಅಂವ ಕರದ್ರ ಬರಾಂಗಿಲ್ಲ. ಇದ್ದಾಗರ ಮಗನ ಮಾತ ಎಂದ ಕೇಳ್ಯಾರ ಅವರು?”

“ಗಂಡನ ಹೆಸರ ಒದರಿದ್ರ ಮಂದಿ ಏನಂತಾರ?”

“ಮಂದಿ ಮಡ್ಡಿಗೆ ಹೊಂಟೈತಿ ಮಾಳಪ್ಪ. ಅವರು ನೀರಾಗ ಉಳೀತಾರ. ಯಾರದ ದೊಡ್ಡದು?”

ಅಪ್ಪ ಎದ್ದು ಗೂಟದಿಂದ ಕಂಬಳಿ ತೆಗೆದು ಆಯಿಯ ಕೈಗೆ ಕೊಟ್ಟ. ಕಾಕಾ ಸೋತ. ಸೋತವನು ಇನ್ನೊಂದು ಜಾಗ್ರತೆ ಮಾಡಿದ: ಅದೇ ಹೆಸರಿನ ಹುಡುಗ ಮನೆಯ ಹತ್ತಿರ ಇರುವುದೇ ಬೇಡ, ಕುರಿ ಹೊಡೆದುಕೊಂಡು ಹೋಗಲಿ ಎಂದು ನನ್ನನ್ನು ಹಿತ್ತಲ ಕಡೆಯಿಂದ ಹೊಳೆಗೆ ಅಟ್ಟಿದ. ಎಲ್ಲ ಮನೆಯವರೂ ತಲಬಾಗಿಲಲ್ಲಿ ನಿಂತು ಓಣಿಗೆ ಮುಖ ಮಾಡಿ ಕರೆದಿದ್ದರು. ಆಯಿಯೂ ಅಲ್ಲೇ ನಿಲ್ಲುತ್ತಾಳೆಂದು ಅವನ ಲೆಕ್ಕ. ಕರೆ ಕಿವಿಗೇ ಬೀಳುವುದಿಲ್ಲವೆಂದು, ಓಗೊಡಬೇಡವೆಂದೂ ಹೇಳದೆ ಕಳಿಸಿದ್ದ. ನನ್ನ ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ. ಹುಣಸೆಮರದ ಆಚೆ, ಅರ್ಧ ನೀರು ತಿಂದ ನಮ್ಮ ಹೊಲದ ಬದುವಿನ ಮೇಲೆ ಕೂತು, ಕುರಿಗಳ ಕಡೆ ಬೆನ್ನು ಮಾಡಿ ನೀರಿಗೆ ಕಲ್ಲು ಒಗೆಯುತ್ತಿದ್ದೆ.

ಆಗ ಕೇಳಿತು.

“ಬೀರ್ಯಾ… ಏ ಬೀರ್ಯಾ… ಬಾರಲೇ… ರೊಟ್ಟಿ ಆರಾಕತ್ತಾವು, ಬಾರಲೇ ಬೀರ್ಯಾ!”

ಅದು ಆಯಿಯ ದನಿಯೆಂದು ಮೊದಲು ತಿಳಿಯಲೇ ಇಲ್ಲ. ಅಷ್ಟು ಎಳೆಯದಾಗಿತ್ತು, ಅಷ್ಟು ಹುಸಿಕೋಪ ಅದರಲ್ಲಿತ್ತು. ತಿರುಗಿ ನೋಡಿದರೆ ಮಾಳಿಗೆ ಇಲ್ಲದ ಮನೆಯ ಹಿತ್ತಲ ಹೊಸ್ತಿಲ ಮೇಲೆ ನಿಂತಿದ್ದಾಳೆ. ತಲೆಯ ಮೇಲೆ ಸೆರಗಿಲ್ಲ, ಒಂದು ಕೈ ಸೊಂಟದ ಮೇಲಿದೆ. ಪದ್ಧತಿಯ ಮಾತು 'ಬಾ, ಹೋಗೂಣು' ಅವಳ ಬಾಯಿಗೆ ಬರಲಿಲ್ಲ. ಕಟ್ಟಿಹಾಕಿದ್ದ ಬಾಯಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಗಿತ್ತು. ಅದು ಸತ್ತ ಮುದುಕನನ್ನು ಕರೆಯುವ ಕರೆಯೇ ಅಲ್ಲ. ಹೊಳೆಯ ದಂಡೆಯಲ್ಲಿ ಕುರಿ ಬಿಟ್ಟುಕೊಂಡು, ಹಸಿದು ಕೂತ, ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗನನ್ನು ಕರೆಯುವ ಕರೆ. ಅಲ್ಲಿ ಅಂಥ ಹುಡುಗ ಬೇರೆ ಯಾರಿದ್ದರು? ಹುಟ್ಟಿದಂದಿನಿಂದ ನಾನು ಕಾದಿದ್ದ ದನಿ ನನ್ನ ಹೆಸರು ಹಿಡಿದು ಕೂಗುತ್ತಿತ್ತು. ಪದ್ಧತಿ ತಲೆಯಲ್ಲಿ ಉಳಿಯಲಿಲ್ಲ. ಕುರಿಗಳನ್ನು ಬಿಟ್ಟು ಎದ್ದು ಓಡಿದೆ.

“ಓ ಆಯಿ! ಓ! ಬಂದ್ನಿ!”

ಹಿತ್ತಲಿಗೆ ಬಂದು ನಿಂತಾಗ ಅವ್ವ ಬಾಯಿಗೆ ಸೆರಗು ಹಿಡಿದಿದ್ದಳು. ಅಪ್ಪ ನೆಲ ನೋಡುತ್ತಿದ್ದ. ಕಾಕಾ ತಲೆಯ ಮೇಲೆ ಕೈ ಹೊತ್ತ.

“ಆತು, ಎಲ್ಲಾ ಕೆಟ್ಟ ಹೋತು! ಇದ್ದಾಂವ ಓ ಅಂದಮ್ಯಾಲ ಸತ್ತಾಂವ ಹೆಂಗ ಏಳ್ತಾನ? ಅಣ್ಣ ನೀರಿನ ಪಾಲಾದ!”

ಆಯಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಆ ಹುಡುಗಿಯ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಹಾಸಿದ್ದ ಕಂಬಳಿಯನ್ನು ಎತ್ತಿಕೊಂಡಳು. ಮಡಚಿ ತಲೆಯ ಮೇಲೆ ಹೊರಬೇಕಾದದ್ದನ್ನು, ಯಾರಿಗೂ ಮುಟ್ಟಗೊಡದಿದ್ದ ಆ ಕಂಬಳಿಯನ್ನು, ನನ್ನ ಹೆಗಲ ಮೇಲೆ ಹಾಕಿ ಗಂಟಲ ಹತ್ತಿರ ಎಳೆದು ಹಿಡಿದಳು.

“ಬಂದಾನ. ನಡೀರಿನ್ನ.”

ಮಡ್ಡಿಯ ಮೇಲಿನ ಹೊಸ ಮನೆ ತಗಡಿನದು. ಎತ್ತುಗಳು ಹೊರಗೆ, ನಾವು ಒಳಗೆ. ಬಿಸಿಲಿಗೆ ತಗಡು ಟಕಟಕ ಅನ್ನುತ್ತಿತ್ತು. ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಪಕ್ಕದ ಮನೆಯ ಗೋಡೆ. ಆಯಿ ಆ ಗೋಡೆಗೇ ಮುಖ ಮಾಡಿ ನೂಲುತ್ತ ಕೂರುವಳು. ನಾನು ಮತ್ತೆ 'ಇವನ' ಆದೆ. ಒಮ್ಮೆ ಕರೆದವಳು ಇನ್ನೊಮ್ಮೆ ಕರೆದಾಳೆಂದು ಊಟದ ಹೊತ್ತಿಗೆ ಬೇಕಂತಲೇ ದೂರ ಹೋಗಿ ಕೂರುತ್ತಿದ್ದೆ. ಅವಳು ಬಂದು ರೆಟ್ಟೆ ಹಿಡಿದೇ ಒಯ್ಯುತ್ತಿದ್ದಳು. ಮಾಳಪ್ಪ ಕಾಕಾ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಕುರಿ ಸತ್ತರೆ, ಅಪ್ಪನಿಗೆ ಜ್ವರ ಬಂದರೆ ಅದನ್ನೇ ಎತ್ತುತ್ತಿದ್ದ. ಒಂದು ಬೇಸಿಗೆ ಹಿನ್ನೀರು ಇಳಿದು ಹಳೆಯ ಊರಿನ ಪಾಯಗಳು ಕಂಡವು. ಹಿತ್ತಲ ಹೊಸ್ತಿಲ ಕಲ್ಲೂ ಕೆಸರಲ್ಲಿ ಕಾಣುತ್ತಿದೆಯಂತೆ, ಹೋಗಿ ಸರಿಯಾಗಿ ಕರೆಯೋಣ ಎಂದು ಅಪ್ಪನೇ ಕೇಳಿದ. ಆಯಿ ಒಪ್ಪಲಿಲ್ಲ.

“ಒಮ್ಮಿ ಕರದೇನಿ. ಎರಡನೇ ಸಲ ಕರದ್ರ ಮೊದಲನೇದರ ಮ್ಯಾಲ ನಂಬಿಗಿ ಇಲ್ಲಂದಂಗ ಆಕ್ಕೈತಿ.”

ಎಲ್ಲರ ಮುಂದೆ ಅಷ್ಟು ಗಟ್ಟಿಯಾಗಿ ಹೇಳಿದವಳು, ಅವತ್ತೇ ಸಂಜೆ ಕುರಿಗೆ ನೀರಿಡುತ್ತಿದ್ದ ನನ್ನ ಹತ್ತಿರ ಬಂದು ನಿಂತಳು.

“ಖರೇನ ಹೇಳು. ಅವತ್ತ ಓ ಅಂದಾಂವ ನೀನ ಏನು?”

“ಹೂಂ ಆಯಿ. ನಾನ.”

“ನೀ ಒಬ್ಬಾಂವನ ಏನು?”

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಓಡುವವನಿಗೆ ತನ್ನ ದನಿಯ ಹೊರತು ಏನು ಕೇಳುತ್ತದೆ? ಅವಳು ನನ್ನ ತಲೆ ಸವರಿ ಒಳಗೆ ಹೋದಳು. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ, ನಾನು ಮರೆಯಲೂ ಇಲ್ಲ. ಅವನು ಬಂದನೋ ಇಲ್ಲವೋ ಎಂಬ ಒಂದು ಸಂದೇಹವನ್ನು ಇಟ್ಟುಕೊಂಡು ಅವಳು ಆ ತಗಡಿನ ಮನೆಯಲ್ಲಿ ಎಷ್ಟೋ ವರ್ಷ ನೂಲಿದಳು.

ಅವಳು ಹಾಸಿಗೆ ಹಿಡಿದಾಗ ನಾನು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಕೆಲಸಕ್ಕಿದ್ದೆ. ಅಪ್ಪನ ಫೋನು ಬಂದಾಗ ಇದ್ದ ಅಂಗಿಯಲ್ಲೇ ಬಸ್ಸು ಹತ್ತಿದೆ. ಮನೆ ಮುಟ್ಟಿದಾಗ ನಡುಮಧ್ಯಾಹ್ನ. ತಗಡು ಟಕಟಕ ಅನ್ನುತ್ತಿತ್ತು. ಅವ್ವ ನನಗೆಂದು ಒಲೆಯ ಮೇಲೆ ರೊಟ್ಟಿ ಹಾಕಿದ್ದಳು, ಆ ವಾಸನೆ ಮನೆಯೆಲ್ಲ ತುಂಬಿತ್ತು. ಆಯಿ ಕರಿ ಕಂಬಳಿ ಹೊದ್ದು ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂತು ಕೈ ಹಿಡಿದೆ. ನನ್ನನ್ನು ನೋಡಿದಳು, ಗುರುತು ಸಿಕ್ಕಂತಿರಲಿಲ್ಲ. ಕಣ್ಣು ನನ್ನನ್ನು ದಾಟಿ ಬಾಗಿಲಿಗೆ ಹೋಯಿತು. ತುಟಿ ಕೂಡಿದವು, ಅಗಲವಾದವು. ಗುಡಿಯಲ್ಲಿ ಅವಳ ಮಡಿಲಿನಿಂದ ನೋಡಿದ ಅದೇ ತುಟಿ. ಈ ಸಲ ಉಸಿರಿನ ಹಿಂದೆ ದನಿ ಬಂತು.

“ಬೀರ್ಯಾ… ಬಾರಲೇ… ರೊಟ್ಟಿ ಆರಾಕತ್ತಾವು.”

'ಓ' ಎನ್ನುವುದು ನನ್ನ ಗಂಟಲಿಗೆ ಬಂದಿತ್ತು. ಅದಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಕಾಲ ಹತ್ತಿರ ಕೂತಿದ್ದ ಅಪ್ಪ ಓ ಅನ್ನು ಎಂದು ಕಣ್ಣಲ್ಲೇ ಹೇಳಿದ. ನಾನು ತಲೆಯಾಡಿಸಿ ಹಲ್ಲು ಕಚ್ಚಿದೆ. ಆಯಿ ಇನ್ನೊಮ್ಮೆ ಕರೆದಳು, ಸಣ್ಣಗೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವಳು ಬಾಗಿಲ ಕಡೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕಾದಳು, ಗಂಟಲು ಹರಿಯುವಂತೆ ಕರೆಸಿಕೊಂಡು ಆಮೇಲೆ ಓ ಅನ್ನುವವನಿಗೆ ಕಾಯುವ ಹಾಗೆ. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಅವಳು ಮಾತ್ರ, ಮುಂದಿನ ಹಲ್ಲಿಲ್ಲದ ಬಾಯಲ್ಲಿ, ಹುಡುಗಿಯ ಹಾಗೆ ನಕ್ಕಳು.

“ಹಲಕಟ್ಟ,” ಎಂದಳು. “ಈಗ ಬಂದ್ಯಾ?”